ಮೂಲೆ ಬಿಟ್ಟು ಏಳದ ನಾಯಿಗೆ ಇನ್ನಷ್ಟು ದಿನ ಕೊಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಾಣಿ ರಕ್ಷಣಾ ಕೇಂದ್ರಗಳಿಂದ ನಾಯಿಯನ್ನು ದತ್ತು ತಂದವರು ತಮ್ಮ ಅನುಭವವನ್ನೂ ಸಂದೇಹಗಳನ್ನೂ ಬರೆದು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ದತ್ತು ಹೋದ ನಾಯಿಗಳು ಕೇಂದ್ರಕ್ಕೆ ಮರಳಿ ಬರುವುದನ್ನು ನಾನು ಕಂಡಿರುವುದು ಹೆಚ್ಚಾಗಿ ಆ ಪತ್ರದಲ್ಲಿರುವಂಥ ಕಾರಣಗಳಿಗಾಗಿಯೇ.

ಪ್ರಶ್ನೆ: ನಾನು ಮತ್ತು ನನ್ನ ಪತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹನ್ನೆರಡು ದಿನಗಳ ಹಿಂದೆ ಸುಮಾರು ಎರಡು ವರ್ಷದ ಹೆಣ್ಣು ನಾಯಿಯೊಂದನ್ನು ದತ್ತು ತಂದೆವು. ಕೇಂದ್ರದಲ್ಲಿ ಬಾಲ ಅಲ್ಲಾಡಿಸುತ್ತ ಬಂದು ನಮ್ಮ ಕೈ ನೆಕ್ಕಿದ್ದ ನಾಯಿ ಇಲ್ಲಿ ಮಂಚದ ಕೆಳಗಿನಿಂದ ಹೊರಗೆ ಬರುತ್ತಿಲ್ಲ. ನಾವು ನೋಡುತ್ತಿದ್ದರೆ ತಿನ್ನುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಟ್ಟೆ ಖಾಲಿಯಾಗಿರುತ್ತದೆ. ಹೊರಗೆ ಕರೆದೊಯ್ಯಲು ಹೋದರೆ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಮೂತ್ರವನ್ನು ಮನೆಯೊಳಗೇ ಮಾಡುತ್ತದೆ. ಇದು ಒಗ್ಗುವ ನಾಯಿಯಲ್ಲ, ವಾಪಸು ಬಿಟ್ಟು ಬನ್ನಿ ಎಂದು ಅತ್ತೆಯವರು ಹೇಳುತ್ತಿದ್ದಾರೆ. ನಮ್ಮಿಂದ ತಪ್ಪಾಯಿತೇ?
– ಓದುಗರು, ಬೆಂಗಳೂರು

ಉತ್ತರ: ತಪ್ಪಾಗಿಲ್ಲ. ಈ ವಿಷಯದಲ್ಲಿ ಹನ್ನೆರಡು ದಿನ ತೀರಾ ಕಡಿಮೆ. ಕೇಂದ್ರದಲ್ಲಿ ಇಪ್ಪತ್ತು ಮೂವತ್ತು ನಾಯಿಗಳ ಬೊಗಳಾಟದ ನಡುವೆ, ದಿನವೂ ಅದೇ ಹೊತ್ತಿಗೆ ಅದೇ ಕೈಯಿಂದ ಅನ್ನ ತಿಂದುಕೊಂಡಿದ್ದ ಪ್ರಾಣಿಯನ್ನು ಒಂದು ದಿನ ಕಾರಿನಲ್ಲಿ ಕೂರಿಸಿ, ಜಾರುವ ಟೈಲ್ಸಿನ ನೆಲ, ಮಿಕ್ಸಿಯ ಸದ್ದು, ಕುಕ್ಕರಿನ ಸೀಟಿ, ಟೀವಿಯ ಮಾತು ಇರುವ ಮನೆಗೆ ತಂದಿದ್ದೀರಿ. ಅದಕ್ಕೆ ಪರಿಚಯವಿರುವ ಒಂದು ವಾಸನೆಯೂ ಇಲ್ಲಿಲ್ಲ. ಅಂದು ಅದು ನಿಮ್ಮ ಕೈ ನೆಕ್ಕಿದ್ದು ಸುಳ್ಳಲ್ಲ. ಅಲ್ಲಿ ಅದಕ್ಕೆ ಧೈರ್ಯವಿತ್ತು, ಇಲ್ಲಿ ಅದು ಇನ್ನೂ ಬಂದಿಲ್ಲ.

ನಾಯಿಗಳನ್ನು ದತ್ತು ಕೊಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವೊಂದನ್ನು ಹೇಳುತ್ತಾರೆ. ಮೊದಲ ಮೂರು ದಿನ ದಿಕ್ಕು ತೋಚದ ಸ್ಥಿತಿ, ಮೂರು ವಾರಕ್ಕೆ ಮನೆಯ ದಿನಚರಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ತನ್ನ ಮನೆ ಎಂಬ ನಂಬಿಕೆ ಬರುತ್ತದೆ. ಇದು ಗಡಿಯಾರದಂತೆ ನಡೆಯುವ ಲೆಕ್ಕವಲ್ಲ, ಹೆದರಿದ ನಾಯಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಆದರೂ ಮೊದಲ ವಾರದಲ್ಲಿ ಕಾಣುವ ನಾಯಿಯ ಸ್ವಭಾವವನ್ನೇ ಅದರ ನಿಜವಾದ ಸ್ವಭಾವವೆಂದು ತೀರ್ಮಾನಿಸಬಾರದು ಎಂಬುದು ಅದರಲ್ಲಿರುವ ಮುಖ್ಯ ಮಾತು.

ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಅಪಘಾತದಲ್ಲಿ ಹಿಂಗಾಲು ಮುರಿದು, ಏಳು ತಿಂಗಳು ಕೇಂದ್ರವೊಂದರಲ್ಲಿದ್ದ ನಾಯಿಯನ್ನು ನಾವು ತಂದಾಗ ಅದು ಹತ್ತೊಂಬತ್ತು ದಿನ ಹಿತ್ತಿಲ ಬಾಗಿಲ ಬಳಿಯ ಒರಳುಕಲ್ಲಿನ ಹಿಂದೆಯೇ ಕಳೆಯಿತು. ಪಶುವೈದ್ಯನಾದ ನನಗೇ ತಾಳ್ಮೆ ತಪ್ಪುತ್ತಿತ್ತು. ನನ್ನ ತಾಯಿ ಮಾತ್ರ ಪ್ರತಿ ಸಂಜೆ ಅದರಿಂದ ನಾಲ್ಕು ಮಾರು ದೂರದಲ್ಲಿ ಮಣೆ ಹಾಕಿಕೊಂಡು, ಅದರ ಕಡೆಗೆ ಬೆನ್ನು ತಿರುಗಿಸಿ, ಸೊಪ್ಪು ಬಿಡಿಸುತ್ತ ಕೂರುತ್ತಿದ್ದರು. ಕರೆಯುತ್ತಿರಲಿಲ್ಲ, ತಿರುಗಿ ನೋಡುತ್ತಲೂ ಇರಲಿಲ್ಲ. ಇಪ್ಪತ್ತನೆಯ ದಿನ ಅದು ಎದ್ದು ಬಂದು ಅವರ ಸೆರಗನ್ನು ಮೂಸಿ, ಮತ್ತೆ ಒರಳಿನ ಹಿಂದೆ ಹೋಗಿ ಮಲಗಿತು. ಮರುದಿನ ಇನ್ನೂ ಸ್ವಲ್ಪ ಹೊತ್ತು ನಿಂತಿತು. ತಿಂಗಳು ತುಂಬುವಷ್ಟರಲ್ಲಿ ಅವರ ಮಣೆಯ ಪಕ್ಕದಲ್ಲೇ ಮಲಗತೊಡಗಿತ್ತು.

ನೀವೂ ಹಾಗೆಯೇ ಮಾಡಿ. ಮಂಚದ ಕೆಳಗಿನಿಂದ ಎಳೆಯಬೇಡಿ. ಅಲ್ಲೇ ಒಂದು ಹಳೆಯ ಚಾಪೆ ಹಾಸಿ, ಪಕ್ಕದಲ್ಲಿ ನೀರಿಡಿ. ಊಟವನ್ನು ಪ್ರತಿದಿನ ಒಂದೇ ಹೊತ್ತಿಗೆ ಇಟ್ಟು ದೂರ ಸರಿಯಿರಿ. ಕಣ್ಣಿಗೆ ಕಣ್ಣಿಟ್ಟು ನೋಡುವುದು, ಮೇಲಿನಿಂದ ಬಾಗಿ ತಲೆ ಸವರುವುದು ಹೆದರಿದ ನಾಯಿಗೆ ಬೆದರಿಕೆಯಂತೆ ಕಾಣುತ್ತದೆ. ಹೊಸ ನಾಯಿಯನ್ನು ನೋಡಲು ನೆಂಟರಿಷ್ಟರು ಬರುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಮೂತ್ರದ ವಿಷಯದಲ್ಲಿ, ನಿದ್ದೆಯಿಂದ ಎದ್ದ ಕೂಡಲೇ ಮತ್ತು ಊಟವಾದ ಸ್ವಲ್ಪ ಹೊತ್ತಿಗೆ ಪ್ರತಿದಿನ ಒಂದೇ ಜಾಗಕ್ಕೆ ಕರೆದೊಯ್ಯಲು ಪ್ರಯತ್ನಿಸಿ, ಅಲ್ಲಿ ಮಾಡಿದೊಡನೆ ಒಂದು ತುಣುಕು ಕೋಳಿಮಾಂಸವನ್ನೋ ಪನೀರನ್ನೋ ಕೊಡಿ. ಒಳಗೆ ಮಾಡಿದ್ದಕ್ಕೆ ಗದರುವುದು, ಮೂತಿಯನ್ನು ಅದಕ್ಕೆ ಒತ್ತುವುದು ಖಂಡಿತ ಬೇಡ. ಇದರಿಂದ ನಾಯಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮೂತ್ರ ಮಾಡುವುದನ್ನಷ್ಟೆ. ನೀವಿಬ್ಬರೂ ಒಟ್ಟಿಗೆ ರಜೆ ಹಾಕುವ ಬದಲು ಒಬ್ಬರಾದ ಮೇಲೆ ಒಬ್ಬರು ಹಾಕಿದರೆ ಮನೆಯಲ್ಲಿ ಒಬ್ಬರು ಹೆಚ್ಚು ದಿನ ಇರುವಂತಾಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೊಸದಾಗಿ ತಂದ ನಾಯಿ ಕಳೆದುಹೋಗುವ ಅಪಾಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ಸುಲಭವಾಗಿ ಕಳಚುತ್ತದೆ. ಆದುದರಿಂದ ಎದೆಗೆ ಕಟ್ಟುವ ಹಾರ್ನೆಸ್ಸನ್ನೂ ಜೊತೆಗೆ ಹಾಕಿ, ನಿಮ್ಮ ದೂರವಾಣಿ ಸಂಖ್ಯೆ ಕೆತ್ತಿಸಿದ ಬಿಲ್ಲೆಯನ್ನು ಇಂದೇ ಕೊರಳಿಗೆ ಕಟ್ಟಿ. ಪಟಾಕಿಯ ದಿನಗಳಲ್ಲಿ ಹೊರಗೆ ಒಯ್ಯುವುದನ್ನು ಸಂಜೆಗೆ ಮುಂಚೆಯೇ ಮುಗಿಸಿ. ನಾಯಿ ರಾತ್ರಿ ತಿನ್ನುತ್ತಿರುವುದರಿಂದ ಈಗ ಗಾಬರಿಯಿಲ್ಲ, ಆದರೆ ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ, ಜ್ವರವಿದ್ದರೆ, ಒಸಡು ಬಿಳಿಚಿದ್ದರೆ ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ರೋಗಗಳು ಬೀದಿಯಲ್ಲಿ ಬೆಳೆದ ನಾಯಿಗಳಲ್ಲಿ ಸಾಮಾನ್ಯ, ಮೈ ದಣಿದಾಗ ಅವು ಮತ್ತೆ ತಲೆಯೆತ್ತುವುದುಂಟು.

ನಿಮ್ಮ ಅತ್ತೆಯವರಿಗೆ ನನ್ನದೊಂದು ಬಿನ್ನಹ. ಹಗಲು ಮನೆಯಲ್ಲಿರುವವರು ತಾವೇ ಆಗಿದ್ದರೆ, ಈ ನಾಯಿ ಮೊದಲು ನಂಬುವುದು ಬಹುಶಃ ತಮ್ಮನ್ನೇ. ಸೊಪ್ಪು ಬಿಡಿಸುವಾಗ ಒಂದು ಅರ್ಧ ಗಂಟೆ ಆ ಕೋಣೆಯಲ್ಲಿ ಕುಳಿತು ನೋಡಿ.

ಪ್ರಶ್ನೆ: ದತ್ತು ಕೇಳಲು ಹೋದಾಗ ಗುರುತಿನ ಚೀಟಿ, ವಿಳಾಸದ ದಾಖಲೆ, ಮನೆ ಮಾಲೀಕರ ಒಪ್ಪಿಗೆ ಎಲ್ಲವನ್ನೂ ಕೇಳಿದರು. ಒಬ್ಬರು ಮನೆಗೇ ಬಂದು ಬಾಲ್ಕನಿಯ ಸರಳುಗಳನ್ನು ನೋಡಿ ಹೋದರು. ಬೀದಿಯ ನಾಯಿಗೆ ಇಷ್ಟೆಲ್ಲ ಬೇಕೇ? ಅವಮಾನವಾದಂತೆ ಅನ್ನಿಸಿತು.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಮನಸ್ಸಿಗೆ ನೋವಾದದ್ದು ಸಹಜ, ಆದರೆ ಆ ಪ್ರಶ್ನೆಗಳು ನಿಮ್ಮೊಬ್ಬರನ್ನು ಅನುಮಾನಿಸಿ ಕೇಳಿದವಲ್ಲ. ದತ್ತು ಒಯ್ದು ತೋಟದ ಗೇಟಿಗೆ ಸರಪಳಿಯಲ್ಲಿ ಕಟ್ಟಿ ವಾರಕ್ಕೊಮ್ಮೆ ಹೋಗಿ ನೋಡುವವರು, ಜಾತಿನಾಯಿಯಾದರೆ ಮರಿ ಹಾಕಿಸಿ ಮಾರುವವರು, ಮರಿಯ ಮುದ್ದು ಮುಗಿದೊಡನೆ ಊರಾಚೆ ಬಿಟ್ಟು ಬರುವವರು ಇದ್ದಾರೆ. ಅಂಥ ನಾಯಿಗಳಿಗೆ ಚಿಕಿತ್ಸೆ ಮಾಡಿದವರೇ ಮುಂದಿನ ಸಲ ಬಾಲ್ಕನಿಯ ಸರಳುಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಮರಿ ದೊಡ್ಡದಾದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸುತ್ತೇವೆ, ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ಕೇಂದ್ರಕ್ಕೇ ಒಪ್ಪಿಸುತ್ತೇವೆ ಎಂಬ ಎರಡು ಮಾತುಗಳನ್ನು ಬರೆಸಿಕೊಳ್ಳದ ಕೇಂದ್ರದಿಂದ ನಾನಂತೂ ನಾಯಿ ತರಲು ಹಿಂಜರಿಯುತ್ತೇನೆ.

ಬಾಡಿಗೆ ಮನೆಯವರ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ವಸತಿ ಸಮುಚ್ಚಯದ ಸಂಘಗಳು ಬಹುಮತದ ನಿರ್ಣಯ ಮಾಡಿಯೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಿಮ್ಮ ಬಾಡಿಗೆ ಕರಾರಿನಲ್ಲಿ ಪ್ರಾಣಿ ಸಾಕಬಾರದೆಂದಿದ್ದರೆ ಅದು ನಿಮಗೂ ಮಾಲೀಕರಿಗೂ ನಡುವಿನ ಬೇರೆಯ ವಿಷಯ. ನಾಯಿ ಬಂದ ಮೇಲೆ ಜಗಳವಾಗುವುದಕ್ಕಿಂತ ಮೊದಲೇ ಅವರ ಒಪ್ಪಿಗೆ ಪಡೆಯುವುದು ಕ್ಷೇಮ.

ಪ್ರಶ್ನೆ: ಎರಡು ತಿಂಗಳ ಗಂಡು ಮರಿಯನ್ನು ದತ್ತು ತಂದೆವು. ಐದನೆಯ ದಿನ ವಾಂತಿ, ರಕ್ತ ಬೆರೆತ ಭೇದಿ ಶುರುವಾಗಿ ಎಂಟನೆಯ ದಿನ ತೀರಿಹೋಯಿತು. ವೈದ್ಯರು ಪಾರ್ವೋ ಎಂದರು. ಒಂದು ಲಸಿಕೆ ಆಗಿತ್ತೆಂದು ಪುಸ್ತಕದಲ್ಲಿ ಬರೆದಿತ್ತು. ಮಗಳು ಊಟ ಬಿಟ್ಟು ಅಳುತ್ತಿದ್ದಾಳೆ. ನಮ್ಮ ಆರೈಕೆಯಲ್ಲಿ ಏನಾದರೂ ಕೊರತೆಯಾಯಿತೇ? ಇನ್ನೊಂದು ಮರಿಯನ್ನು ಯಾವಾಗ ತರಬಹುದು?
– ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಓದಿ ಬಹಳ ದುಃಖವಾಯಿತು. ನಿಮ್ಮ ಆರೈಕೆಯಲ್ಲಿ ಕೊರತೆಯಾಗಿಲ್ಲವೆಂದು ಮಗಳಿಗೆ ಸ್ಪಷ್ಟವಾಗಿ ತಿಳಿಸಿ. ಪಾರ್ವೋ ವೈರಾಣು ದೇಹ ಸೇರಿದ ಮೇಲೆ ರೋಗದ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ, ಕೆಲವೊಮ್ಮೆ ಎರಡು ವಾರವೂ ಆಗಬಹುದು. ಮರಿ ನಿಮ್ಮ ಮನೆಗೆ ಬರುವಾಗಲೇ ಸೋಂಕು ಅದರೊಳಗಿದ್ದಿರುವ ಸಾಧ್ಯತೆ ಹೆಚ್ಚು. ಕೇಂದ್ರದವರು ಮೋಸ ಮಾಡಿದರೆಂದೂ ಇದರಿಂದ ಹೇಳಲಾಗದು, ಏಕೆಂದರೆ ಮೊದಲ ಲಸಿಕೆಯೊಂದರಿಂದಲೇ ರಕ್ಷಣೆ ಪೂರ್ಣವಾಗುವುದಿಲ್ಲ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವತನಕ ಅದು ಲಸಿಕೆಯ ಕೆಲಸಕ್ಕೂ ಅಡ್ಡ ಬರುತ್ತದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸುವುದು ಈ ಕಾರಣಕ್ಕಾಗಿ.

ಮರಿ ಸತ್ತ ಸುದ್ದಿಯನ್ನು ಕೇಂದ್ರಕ್ಕೆ ತಿಳಿಸದಿದ್ದರೆ ದಯವಿಟ್ಟು ಇಂದೇ ತಿಳಿಸಿ. ಅದರ ಒಡಹುಟ್ಟಿದ ಮರಿಗಳು ಬೇರೆ ಬೇರೆ ಮನೆ ಸೇರಿರಬಹುದು. ಬೇಗ ಚಿಕಿತ್ಸೆ ದೊರೆತರೆ ಪಾರ್ವೋದಿಂದ ಉಳಿಯುವ ಮರಿಗಳು ಅನೇಕ.

ಇನ್ನು ಮುಂದಿನ ನಾಯಿಯ ಮಾತು. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ, ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು, ಮತ್ತು ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ನೆಲವನ್ನು ಸೋಪಿನಿಂದ ಚೆನ್ನಾಗಿ ತೊಳೆದ ಮೇಲೆ, ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯಿರಿ. ಮರಿಯ ಹಾಸಿಗೆ, ತಟ್ಟೆಗಳನ್ನು ಬಿಸಾಡಿ. ಆದರೂ ಅಂಗಳದ ಮಣ್ಣನ್ನು ಶುದ್ಧಿಮಾಡಲಾಗದು. ಆದುದರಿಂದ ಇನ್ನೊಂದು ಪುಟ್ಟ ಮರಿಯ ಬದಲು, ಎಲ್ಲ ಲಸಿಕೆಗಳೂ ಮುಗಿದಿರುವ ಒಂದು ವರ್ಷ ಮೇಲ್ಪಟ್ಟ ನಾಯಿಯನ್ನು ತರುವುದು ನಿಮ್ಮ ಮನೆಗೆ ಸುರಕ್ಷಿತ. ಮಗಳ ಅಳು ನಿಲ್ಲಿಸುವುದಕ್ಕೆಂದು ಆತುರಪಡಬೇಡಿ. ಆ ಮರಿಗಾಗಿ ಅವಳು ಅತ್ತು ಮುಗಿಸಲಿ.

ಪ್ರಶ್ನೆ: ನಮ್ಮ ಬೀದಿಯ, ಕಿವಿಯ ತುದಿ ಕತ್ತರಿಸಿದ ನಾಯಿಗೆ ನಾಲ್ಕು ವರ್ಷದಿಂದ ಅನ್ನ ಹಾಕುತ್ತಿದ್ದೇವೆ. ಅದನ್ನೇ ಮನೆಗೆ ಸೇರಿಸಿಕೊಳ್ಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸೇರಿಸಿಕೊಳ್ಳಬಹುದು. ಕಿವಿಯ ಗುರುತಿಗೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಆ ಸಮಯದಲ್ಲಿ ರೇಬಿಸ್ ಲಸಿಕೆಯನ್ನೂ ಹಾಕಿದ್ದಾರೆ ಎಂಬ ಅರ್ಥವಿದೆ. ಆ ಲಸಿಕೆಯ ಅವಧಿ ಈಗ ಮುಗಿದಿರುತ್ತದೆ. ಮೊದಲು ಅದನ್ನು ಹಾಕಿಸಿ, ವರ್ಷಕ್ಕೊಮ್ಮೆ ತಪ್ಪದೆ ಮುಂದುವರಿಸಿ. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಬೀದಿನಾಯಿಯನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಸಲ್ಲಿಸಬಹುದೆಂದೂ, ದತ್ತು ಪಡೆದ ನಾಯಿ ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೆಂದೂ ಹೇಳಿದೆ. ಆ ಹೊಣೆ ನ್ಯಾಯವಾದದ್ದು. ನಾಲ್ಕಾರು ವರ್ಷ ಬಯಲಿನಲ್ಲಿ ಬೆಳೆದ ನಾಯಿಗೆ ಮುಚ್ಚಿದ ಬಾಗಿಲು ಕಷ್ಟ. ಮೊದಲು ರಾತ್ರಿಯ ಹೊತ್ತು ಮಾತ್ರ ಒಳಗೆ ಮಲಗಿಸಿ, ಅದು ಬಾಗಿಲು ಕೆರೆಯದೆ ನಿದ್ದೆ ಮಾಡುವುದೋ ನೋಡಿ ಮುಂದುವರಿಯಿರಿ.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ, ಒಬ್ಬಳೇ ಇದ್ದೇನೆ. ಹೊರದೇಶದಲ್ಲಿರುವ ಮಗ ನಾಯಿಮರಿ ತಂದುಕೊಳ್ಳಮ್ಮ ಎನ್ನುತ್ತಾನೆ. ಮನೆಯ ಅಡುಗೆಯನ್ನೇ ಹಾಕಿ ಸಾಕಬಹುದೇ?
– ಓದುಗರು, ಉಡುಪಿ

ಉತ್ತರ: ಅಮ್ಮಾ, ನಾಯಿ ಇರಲಿ, ಮರಿ ಬೇಡ. ಮರಿಯ ಹಿಂದೆ ಓಡಾಡುವುದು, ದೊಡ್ಡದಾದಾಗ ಅದರ ಎಳೆತವನ್ನು ತಡೆಯುವುದು ನಿಮ್ಮ ಮೊಣಕಾಲಿಗೆ ಹಿತವಲ್ಲ, ಮೇಲಾಗಿ ಅದು ಹನ್ನೆರಡು ಹದಿನಾಲ್ಕು ವರ್ಷದ ಜವಾಬ್ದಾರಿ. ಏಳೆಂಟು ವರ್ಷದ ಶಾಂತ ಸ್ವಭಾವದ ನಾಯಿಗಳು ಕೇಂದ್ರಗಳಲ್ಲಿ ಬಹಳ ಕಾಲ ಉಳಿದುಬಿಡುತ್ತವೆ. ಮರಿ ಹಾಕಿಸಿ ಮಾರುವವರು ಇನ್ನು ಲಾಭವಿಲ್ಲವೆಂದು ಬಿಟ್ಟುಹೋದ ಲ್ಯಾಬ್ರಡಾರ್ ಹೆಣ್ಣುಗಳನ್ನೂ ಅಲ್ಲಿ ಕಂಡಿದ್ದೇನೆ. ಅವುಗಳಿಗೆ ಬೇಕಾದುದು ನಿಮ್ಮಂಥವರ ಜಗಲಿಯ ನೆರಳು ಮತ್ತು ಜೊತೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ, ಅಲ್ಲಿ ವಿಚಾರಿಸಿ. ದತ್ತಿಗೆ ಮೊದಲು ಒಂದೆರಡು ತಿಂಗಳು ತಾತ್ಕಾಲಿಕವಾಗಿ ನೋಡಿಕೊಳ್ಳುವ ಅವಕಾಶವಿದೆಯೇ ಎಂದು ಕೇಳಿ.

ಮನೆಯ ಅನ್ನ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಕುಂಬಳಕಾಯಿ ಎಲ್ಲವನ್ನೂ ಕೊಡಬಹುದು, ಆದರೆ ಉಪ್ಪು, ಖಾರ, ಒಗ್ಗರಣೆ ಹಾಕುವ ಮೊದಲು ಅದರ ಪಾಲನ್ನು ತೆಗೆದಿಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ; ಪಾಯಸದ ಒಣದ್ರಾಕ್ಷಿಯೂ ಸೇರಿದಂತೆ. ಬೇಯಿಸಿದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

ನೀವು ಆಸ್ಪತ್ರೆ ಸೇರಬೇಕಾದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅದು ಬರುವ ಮೊದಲೇ ನೆರೆಯವರೊಬ್ಬರ ಜೊತೆ ಮಾತನಾಡಿ ನಿಶ್ಚಯಿಸಿ. ನಾಯಿ ಬಂದ ಮೇಲೆ ಅದರ ಊಟದ ಹೊತ್ತು, ಔಷಧಿ, ಪಶುವೈದ್ಯರ ದೂರವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಯ ಇನ್ನೊಂದು ಬೀಗದ ಕೈಯನ್ನು ಅವರ ಹತ್ತಿರ ಕೊಟ್ಟಿರಿ.