ಸಿ ಮಾಡ್ಯೂಲನ್ನ ಪೈಥಾನ್ ಒಳಗೇ ಲಿಂಕ್ ಮಾಡೋದು

ನಿಮ್ಮ ಮಾಡ್ಯೂಲಿನ ಸೋರ್ಸ್ ಸೆನ್ಸರ್.ಸಿ ಕಂಪೈಲ್ ಮಾಡಿ, .ಎ ಲೈಬ್ರರಿ (ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳ ಕಟ್ಟು) ಕಟ್ಟಿ, ಸಿಪೈಥಾನ್ (ಸಿ ಭಾಷೇಲಿ ಬರೆದಿರೋ ಪೈಥಾನ್) ಬಿಲ್ಡ್ ಮಾಡೋ ಮೇಕ್‌ಫೈಲ್‌ನ ಲಿಂಕ್ ಲೈನಿಗೆ ಕೈಯಾರೆ ಸೇರಿಸಿದ್ರೂ, ಬಿಲ್ಡ್ ಸಲೀಸಾಗಿ ಆದ್ರೂ, ಇಂಪೋರ್ಟ್ ಮಾಡಿದ್ರೆ ಮಾಡ್ಯೂಲ್ ಸಿಗ್ತಿಲ್ಲ ಅಂತ ಎರರ್ ಯಾಕೆ ಬರತ್ತೆ ಅಂತ ಕೇಳಿದೀರಲ್ಲ, ಬರೀ ಲಿಂಕ್ ಮಾಡಿದ್ರೆ ಸಾಲಲ್ಲ ರೀ. ಇಂಟರ್‌ಪ್ರಿಟರ್ ಒಳಗೆ ಇನಿಟ್‌ಟ್ಯಾಬ್ ಅಂತ ಒಂದು ಟೇಬಲ್ ಇದೆ, ಯಾವ ಮಾಡ್ಯೂಲ್ ಹೆಸರಿಗೆ ಯಾವ ಫಂಕ್ಷನ್ ಕರೀಬೇಕು ಅಂತ ಇಂಟರ್‌ಪ್ರಿಟರ್ ನೋಡೋದು ಅಲ್ಲೇ. ಅಲ್ಲಿ ನಿಮ್ಮ ಹೆಸರಿಲ್ಲ. ಅಷ್ಟೇ ಅಲ್ಲ, .ಎ ಫೈಲಲ್ಲಿ ಬೇರೆ ಯಾವ ಕೋಡೂ ಕೇಳದೇ ಇರೋ ಆಬ್ಜೆಕ್ಟ್ ಫೈಲನ್ನ ಲಿಂಕರ್ (ತುಣುಕುಗಳನ್ನ ಸೇರಿಸಿ ಬೈನರಿ ಮಾಡೋ ಟೂಲ್) ಒಳಗೇ ತಗೊಳ್ಳಲ್ಲ, ಹಾಗಾಗಿ ನಿಮ್ಮ ಕೋಡ್ ಬೈನರಿಲೇ ಇರಲಿಕ್ಕಿಲ್ಲ.

ಮೇಕ್‌ಫೈಲ್ ಮುಟ್ಟಲೇಬೇಡಿ, ಅದು ಮತ್ತೆ ಜನರೇಟ್ ಆದಾಗ ನಿಮ್ಮ ತಿದ್ದುಪಡಿ ಹೋಗಿಬಿಡತ್ತೆ. ಮಾಡ್ಯೂಲ್ಸ್ ಫೋಲ್ಡರಲ್ಲಿ ಸೆಟಪ್.ಲೋಕಲ್ ಅಂತ ಫೈಲಿದೆ, ಸೋರ್ಸನ್ನೂ ಅದೇ ಫೋಲ್ಡರಿಗೆ ಹಾಕಿ, ಆ ಫೈಲಲ್ಲಿ ಹೀಗೆ ಬರೀರಿ (ಇಂಗ್ಲಿಷ್ ಅಕ್ಷರದಲ್ಲಿ):

*ಸ್ಟ್ಯಾಟಿಕ್*
ಸೆನ್ಸರ್ ಸೆನ್ಸರ್.ಸಿ -ಎಲ್‌ಎಮ್

ಕೊನೇದು ಮ್ಯಾಥ್ ಲೈಬ್ರರಿ, ಬೇಡದಿದ್ರೆ ಬಿಡಿ. ಮೇಕ್‌ಸೆಟಪ್ ಸ್ಕ್ರಿಪ್ಟ್ ಇದನ್ನ ಓದಿ ಕಾನ್ಫಿಗ್.ಸಿ ಬರೆಯತ್ತೆ, ಆ ಇನಿಟ್‌ಟ್ಯಾಬ್ ಟೇಬಲ್ ಇರೋದು ಅದರಲ್ಲೇ. ಆಮೇಲೆ ಮೇಕ್ ಕೊಟ್ಟಾಗ, ಮೇಕ್‌ಫೈಲ್ ಬದಲಾಗಿದೆ, ಮತ್ತೆ ಮೇಕ್ ಕೊಡಬೇಕಾಗಬಹುದು ಅಂತ ಒಂದು ಮೆಸೇಜ್ ಬರಬಹುದು, ತುಂಬಾ ಜನ ಅದನ್ನ ಓದದೆ ಹಳೇ ಬೈನರಿ ಇಟ್ಕೊಂಡು ಒದ್ದಾಡ್ತಾರೆ, ನೀವು ಇನ್ನೊಂದ್ಸಲ ಮೇಕ್ ಕೊಡಿ.

ಸೆನ್ಸರ್.ಸಿ ಒಳಗಿನ ಇನಿಟ್ ಫಂಕ್ಷನ್ (ಇಂಪೋರ್ಟ್ ಮಾಡಿದಾಗ ಆ ಟೇಬಲ್ ನೋಡಿ ಕರೆಯೋದು) ಹೆಸರು ಪೈಇನಿಟ್_ಸೆನ್ಸರ್ ಅಂತಲೇ ಇರ್ಲಿ, ಒಂದಕ್ಷರ ತಪ್ಪಿದ್ರೂ ಲಿಂಕರ್ ಅನ್‌ಡಿಫೈನ್ಡ್ ರೆಫರೆನ್ಸ್ ಅನ್ನತ್ತೆ. ಬಿಲ್ಡ್ ಆದ್ಮೇಲೆ ಪೈಥಾನಲ್ಲಿ ಸಿಸ್.ಬಿಲ್ಟಿನ್_ಮಾಡ್ಯೂಲ್_ನೇಮ್ಸ್ (ಒಳಗೇ ಸೇರಿರೋ ಮಾಡ್ಯೂಲ್‌ಗಳ ಪಟ್ಟಿ) ಪ್ರಿಂಟ್ ಮಾಡಿ ನೋಡಿ, ಅದರಲ್ಲಿ ಸೆನ್ಸರ್ ಇದ್ರೆ ಕೆಲಸ ಆಯ್ತು, ಇಲ್ದಿದ್ರೆ ಕಾನ್ಫಿಗ್.ಸಿ ಓಪನ್ ಮಾಡಿ ಅದರಲ್ಲಿರೋದನ್ನ ಇಲ್ಲಿ ಹಾಕಿ, ನೋಡೋಣ.