ಗೋಡೆ ಹಾರಿ ಬಂದ ಟಿವಿ

ಟಿವಿ ದೇಶದ ಗಡಿಗೆ ಕ್ಯಾರೇ ಅನ್ನದ ತಮಾಷೆಯ ಪ್ರಸಂಗ ಇದ್ದರೆ ಹೇಳಿ ಅಂದಿದ್ದೀರಿ. ಬೇಕಾದಷ್ಟಿವೆ. ಎಂಬತ್ತರ ದಶಕದಲ್ಲಿ ಅಮೃತಸರದವರು ಆಂಟೆನಾವನ್ನು ಆ ಕಡೆ ತಿರುಗಿಸಿ ಪಾಕಿಸ್ತಾನದ ಧಾರಾವಾಹಿ ನೋಡುತ್ತಿದ್ದರು. ಲಾಹೋರಿನವರು ಈ ಕಡೆ ತಿರುಗಿಸಿ ದೂರದರ್ಶನದ ಹಿಂದಿ ಸಿನಿಮಾ ನೋಡುತ್ತಿದ್ದರು. ವೀಸಾ ಗೀಸಾ ಯಾರೂ ಕೇಳಲಿಲ್ಲ.

ಆದರೆ ನನಗೆ ಜಾಸ್ತಿ ಇಷ್ಟ ಪೂರ್ವ ಜರ್ಮನಿಯದು. ಆಗ ಜರ್ಮನಿ ಎರಡು ದೇಶವಾಗಿತ್ತು, ಪೂರ್ವದ್ದು ಕಮ್ಯುನಿಸ್ಟರ ಕೈಲಿತ್ತು. 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು. ಜನ ದಾಟದಂತೆ ಮುಳ್ಳುತಂತಿ, ಕಾವಲು, ಬಂದೂಕು ಎಲ್ಲಾ ಬಂತು. ಪಶ್ಚಿಮ ಜರ್ಮನಿಯ ಟಿವಿ ಸಿಗ್ನಲ್ ಮಾತ್ರ ಆರಾಮಾಗಿ ಬರುತ್ತಲೇ ಇತ್ತು. ಅದೇ ವರ್ಷ ಸರ್ಕಾರಿ ಯುವ ಸಂಘಟನೆಯ ಹುಡುಗರು ಮನೆ ಮನೆಯ ಛಾವಣಿ ಹತ್ತಿದರು. ಪಶ್ಚಿಮಕ್ಕೆ ಮುಖ ಮಾಡಿದ ಆಂಟೆನಾಗಳನ್ನು ತಿರುಗಿಸಿದರು, ಕೆಲವನ್ನು ಕಿತ್ತೇ ಹಾಕಿದರು. ನಾನೂ ಮಾಳಿಗೆ ಹತ್ತಿ "ಬಂತಾ?" ಅಂತ ಕೂಗಿ, ಕೆಳಗಿನಿಂದ "ಇಲ್ಲ, ಇನ್ನೊಂಚೂರು ಎಡಕ್ಕೆ" ಅನ್ನಿಸಿಕೊಂಡವನೇ. ಆ ಹುಡುಗರು ಕೆಳಗಿಳಿದ ಮೇಲೆ ಏನಾಗಿರುತ್ತದೆ ಅಂತ ಊಹಿಸೋದು ಕಷ್ಟವೇನಲ್ಲ ಅಲ್ವಾ?

ಸರ್ಕಾರಿ ಟಿವಿಯಲ್ಲಿ 1960ರಿಂದ 1989ರವರೆಗೆ ಒಂದು ಕಾರ್ಯಕ್ರಮವೂ ಇತ್ತು. ಪಶ್ಚಿಮದ ಟಿವಿಯ ತುಣುಕು ತೋರಿಸಿ ಬೈಯುವುದೇ ಅದರ ಕೆಲಸ. ನಡೆಸುತ್ತಿದ್ದವರು ಕಾರ್ಲ್-ಎಡ್ವರ್ಡ್ ಫಾನ್ ಶ್ನಿಟ್ಸ್ಲರ್. ಹೆಸರು "ಶ್ನಿ" ಅನ್ನುವಷ್ಟರಲ್ಲಿ ಜನ ಚಾನೆಲ್ ಬದಲಿಸಿರುತ್ತಾರೆ ಅಂತ ಜೋಕ್.

ಆದರೆ ಪೂರ್ವ ಜರ್ಮನಿಯ ಡ್ರೆಸ್ಡನ್ ಊರಿನ ಸುತ್ತಮುತ್ತ ಈ ಸಿಗ್ನಲ್ ಸಿಗುತ್ತಿರಲಿಲ್ಲ. ಊರು ಗಡಿಯಿಂದ ದೂರ, ಅದೂ ಎಲ್ಬೆ ನದಿಯ ತಗ್ಗಿನಲ್ಲಿ. ಉಳಿದವರು ಅದನ್ನು "ಏನೂ ಗೊತ್ತಿಲ್ಲದವರ ಕಣಿವೆ" ಅಂತ ಆಡಿಕೊಳ್ಳುತ್ತಿದ್ದರು. ಶತ್ರುವಿನ ಪ್ರಚಾರ ತಲುಪದ ಜಾಗ ಅಂದ ಮೇಲೆ ಅಲ್ಲಿಯವರೇ ಸರ್ಕಾರಕ್ಕೆ ನಿಷ್ಠರಾಗಿರಬೇಕಿತ್ತು. ಆಗಿದ್ದು ಉಲ್ಟಾ. ಕೆರ್ನ್ ಮತ್ತು ಹೈನ್‌ಮ್ಯುಲ್ಲರ್ ಎಂಬ ಸಂಶೋಧಕರು 2009ರಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿದವರ ಪ್ರಮಾಣ ಪಶ್ಚಿಮದ ಟಿವಿ ಬಾರದ ಕಡೆಯೇ ಜಾಸ್ತಿ! ಟಿವಿ ಬರುವ ಕಡೆಯವರು ವ್ಯವಸ್ಥೆಯ ಬಗ್ಗೆ ಹೆಚ್ಚು ಸಮಾಧಾನವಾಗಿದ್ದರಂತೆ. ಹಗಲೆಲ್ಲಾ ಸಮಾಜವಾದ, ರಾತ್ರಿ ಡಲ್ಲಾಸ್ ಧಾರಾವಾಹಿ. ಇನ್ನೇನು ಬೇಕು?

ಎಂಬತ್ತರ ದಶಕದ ಕೊನೆಗೆ ಡ್ರೆಸ್ಡನ್ ಕಡೆಯವರು ದುಡ್ಡು ಕೂಡಿಸಿ, ಎಲ್ಲರಿಗೂ ಸೇರಿ ಒಂದೇ ದೊಡ್ಡ ಆಂಟೆನಾ ಹಾಕಿಸಿಕೊಳ್ಳತೊಡಗಿದರು. ಅಧಿಕಾರಿಗಳು ಹೆಚ್ಚಾಗಿ ಕಂಡೂ ಕಾಣದ ಹಾಗೆ ಸುಮ್ನಿದ್ದರು.