ಚರಂಡಿಯಲ್ಲಿ ಕಲ್ಲು ಸಿಕ್ಕರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

(ಅಂಚೆ ಇಲಾಖೆಯಿಂದ ನಿವೃತ್ತರಾದ ನಮ್ಮ ಅಂಕಣಕಾರ್ತಿ ಬೆಂಗಳೂರಿನ ಶಾಸನ ಕಲ್ಲುಗಳನ್ನು ಹುಡುಕಿ ಉಳಿಸುವ ಸ್ವಯಂಸೇವಕರ ಜೊತೆ ಭಾನುವಾರ ಓಡಾಡುತ್ತಾರೆ. ಈ ಸಲ ಬಂದ ಪತ್ರಗಳೂ ಅದರ ಬಗ್ಗೆಯೇ.)

ಪ್ರಶ್ನೆ: ನಮ್ಮ ಬೀದಿಯಲ್ಲಿ ಚರಂಡಿ ಅಗೆಯುವಾಗ ಅಕ್ಷರ ಇರುವ ಕಲ್ಲೊಂದು ಸಿಕ್ಕಿದೆ. ಗುತ್ತಿಗೆದಾರ ಜೆಸಿಬಿಯಲ್ಲಿ ಎತ್ತಿ ಬದಿಗೆ ಹಾಕಿಸ್ತೀನಿ ಅಂತಾನೆ. ಏನು ಮಾಡಲಿ?
– ಕೆ.ಆರ್. ಪುರದ ಓದುಗರು

ಉತ್ತರ: ಮೊದಲು ಆ ಗುತ್ತಿಗೆದಾರನಿಗೆ ಒಂದು ಟೀ ಕುಡಿಸಿ. ತಮಾಷೆ ಅಲ್ಲ. ಜಗಳಕ್ಕೆ ನಿಂತರೆ ರಾತ್ರೋರಾತ್ರಿ ಕಲ್ಲು ಮಾಯವಾಗುತ್ತದೆ. 'ಎರಡು ದಿನ ಈ ಭಾಗ ಬಿಟ್ಟು ಮುಂದೆ ಅಗೀರಿ' ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ಆಮೇಲೆ ಫೋಟೋ. ಕಲ್ಲು ಸಿಕ್ಕ ಜಾಗ, ಸುತ್ತಲಿನ ಮನೆ, ಕಂಬ ಎಲ್ಲಾ ಕಾಣುವ ಹಾಗೆ ಒಂದಿಷ್ಟು ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಅಕ್ಷರದ ಫೋಟೋ ಮಟಮಟ ಮಧ್ಯಾಹ್ನ ತೆಗೆದರೆ ಏನೂ ಕಾಣಲ್ಲ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒರಗಿಸಿ ಹಿಡಿಯಿರಿ. ಹಗಲು ಬರೀ ಒರಟು ಬಂಡೆ ಅಂತ ಕಂಡಿದ್ದರಲ್ಲಿ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ಮೊದಲ ಸಲ ನೋಡಿದವರು 'ಅಯ್ಯೋ' ಅನ್ನದೇ ಇರುವುದನ್ನು ನಾನು ಕಂಡಿಲ್ಲ.

ತೊಳೆಯುವುದಾದರೆ ಬರೀ ನೀರು, ಮೆತ್ತನೆಯ ಬ್ರಶ್ಶು. ಆಸಿಡ್, ಸೋಪಿನ ಪುಡಿ, ತಂತಿ ಬ್ರಶ್ಶು ಬೇಡವೇ ಬೇಡ. ಸೀಮೆಸುಣ್ಣದಲ್ಲಿ ಅಕ್ಷರ ತಿದ್ದಬೇಡಿ. ನೀವು 'ಮ' ಅಂದುಕೊಂಡು ತಿದ್ದಿದ್ದು 'ವ' ಆಗಿರಬಹುದು. ಮುಂದೆ ಬಂದವರೆಲ್ಲ ನಿಮ್ಮ 'ಮ'ವನ್ನೇ ಓದುತ್ತಾರೆ.

ಅದು ಎಂಥ ಕಲ್ಲು ಅಂತಲೂ ನೋಡಿ. ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಸ್ವರ್ಗ ಇದ್ದರೆ ವೀರಗಲ್ಲು. ಬಳೆ ತೊಟ್ಟ ಕೈ ಮೇಲೆತ್ತಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು. ತಲೆಯ ಮೇಲೆ ಸೂರ್ಯ ಚಂದ್ರ, ಕೆಳಗೆ ಬರೀ ಬರಹ ಇದ್ದರೆ ಹೆಚ್ಚಾಗಿ ದಾನದ ಕಲ್ಲು. ಇದನ್ನು ಹಾಳು ಮಾಡಿದವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ ಕೊನೆಯಲ್ಲಿ ಶಾಪ ಇರುವುದುಂಟು. ಗುತ್ತಿಗೆದಾರನಿಗೆ ಅದನ್ನು ಓದಿ ಹೇಳಿ. ಕಾನೂನಿಗಿಂತ ಬೇಗ ಕೆಲಸ ಮಾಡುತ್ತದೆ!

ಕಲ್ಲಿನಡಿ ನಿಧಿ ಇದೆ ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲೇ ತಡೆಯಿರಿ. ಆ ಆಸೆಗೆ ಒಡೆದುಹೋದ ಕಲ್ಲುಗಳು ಜಾಸ್ತಿ.

ಇಷ್ಟಾದ ಮೇಲೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೋ ಸಮೇತ ಬರೆಯಿರಿ. ನೃಪತುಂಗ ರಸ್ತೆಯಲ್ಲಿ ಇತಿಹಾಸದ ಅಧ್ಯಯನ ಮಾಡುವ ಮಿಥಿಕ್ ಸೊಸೈಟಿ ಅನ್ನುವ ಸಂಸ್ಥೆಗೂ ಕಳಿಸಿ. ಅಲ್ಲಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ಯಾನಿನಲ್ಲಿ ಸಿಗುವುದುಂಟು. ಹೆಬ್ಬಾಳದಲ್ಲಿ 2018ರಲ್ಲಿ ಹೀಗೇ ಅಗೆಯುವಾಗ ಸಿಕ್ಕ ಕಲ್ಲು ಸುಮಾರು ಕ್ರಿ.ಶ. 750ರದ್ದು. ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ ಕಾದಿ ಸತ್ತ ಕಿತ್ತಯ್ಯನ ವೀರಗಲ್ಲು. ಆವತ್ತು ಮಣ್ಣಿನ ಜೊತೆ ಲಾರಿ ಹತ್ತಿಬಿಟ್ಟಿದ್ದರೆ?

ಪ್ರಶ್ನೆ: ನನಗೆ ಹಳಗನ್ನಡ ಬರಲ್ಲ. ನಿಮ್ಮ ಜೊತೆ ಬಂದರೆ ಏನು ಉಪಯೋಗ?
– ಯಲಹಂಕದ ವಿದ್ಯಾರ್ಥಿನಿ

ಉತ್ತರ: ಟೇಪು ಹಿಡಿಯಲು ಬರುತ್ತದೆ ತಾನೆ? ಬನ್ನಿ. ನಮ್ಮಲ್ಲಿ ಓದಬಲ್ಲವರು ಕಮ್ಮಿ, ಹುಡುಕುವವರು ಅದಕ್ಕಿಂತ ಕಮ್ಮಿ. ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರದ್ದು. ಅದರಲ್ಲಿ ಕಲ್ಲಿನ ಜಾಗ ಅಂತ ಕೊಟ್ಟಿರುವುದು ಇಂಥವರ ಹೊಲ, ಇಂಥ ಗುಡಿಯ ಮುಂದೆ ಅಂತ. ಆ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಇರುತ್ತದೆ, ಇಲ್ಲಾ ಪಾರ್ಕಿಂಗ್. ಊರಿನ ಹಳೇ ಮನೆಯ ಕಟ್ಟೆ ಮೇಲೆ ಕೂತ ಅಜ್ಜಿಯನ್ನು ಕೇಳಬೇಕು. ನಾನು ಪೋಸ್ಟಾಫೀಸಿನಲ್ಲಿದ್ದವಳು, ಹಳೇ ಊರ ಹೆಸರು ನೆನಪಿರುತ್ತದೆ. ಆದರೂ ನನ್ನಂಥವಳಿಗಿಂತ ನಿಮ್ಮ ವಯಸ್ಸಿನ ಹುಡುಗಿ ಹೋಗಿ ಕೇಳಿದರೆ ಅಜ್ಜಿಯರು ಜಾಸ್ತಿ ಮಾತಾಡುತ್ತಾರೆ.

ಪ್ರಶ್ನೆ: ನಗರ ಬೆಳೆಯಬೇಕಲ್ವಾ? ರಸ್ತೆಗೆ ಅಡ್ಡ ಬಂದ ಕಲ್ಲುಗಳನ್ನೆಲ್ಲ ಮ್ಯೂಸಿಯಂಗೆ ಸಾಗಿಸಿದರೆ ಮುಗೀತು.
– ಬೊಮ್ಮನಹಳ್ಳಿಯ ಓದುಗರು

ಉತ್ತರ: ಮುಗಿಯುವುದೇನೋ ನಿಜ. ಮ್ಯೂಸಿಯಂ ಬೇಡ ಅಂತ ನಾನು ಹೇಳಲ್ಲ. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿರುವ ಆತಕೂರಿನ ಕಲ್ಲನ್ನು ನೋಡಲೆಂದೇ ಹೋಗುತ್ತಿರುತ್ತೇನೆ. ಹಂದಿಯ ಜೊತೆ ಕಾದಿ ಸತ್ತ ಕಾಳಿ ಅನ್ನುವ ನಾಯಿಯ ನೆನಪಿಗೆ 10ನೇ ಶತಮಾನದಲ್ಲಿ ನೆಟ್ಟಿದ್ದು. ಆದರೆ ಅಗರದ 9ನೇ ಶತಮಾನದ ಶಾಸನ ನೋಡಿ. ಕೆರೆಗೆ ತೂಬು ಇಡಿಸಿದ್ದು, ಹೊಸದಾಗಿ ಕೆರೆ ಕಟ್ಟಿಸಿದ್ದು ಅದರ ವಿಷಯ. ಅಗರದ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರಿಗೆ ಅದು ಮುಟ್ಟುತ್ತದೆ, ಗಾಜಿನ ಹಿಂದೆ ಇಟ್ಟರೆ ಇನ್ನೊಂದು ಕಲ್ಲು ಅಷ್ಟೇ. ನಿಮ್ಮ ಕಡೆಯಿಂದ ಬೇಗೂರಿಗೆ ದೂರವೇನಿಲ್ಲ. ಅಲ್ಲಿನ ಸುಮಾರು ಕ್ರಿ.ಶ. 890ರ ಕಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತಿದೆ, ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆ. ಒಮ್ಮೆ ಹೋಗಿ ಬನ್ನಿ.

ರಸ್ತೆಗೆ ನಿಜವಾಗಲೂ ಅಡ್ಡ ಇದ್ದರೆ ಇಲಾಖೆಯವರನ್ನು ಕರೆಸಿ ಹತ್ತಡಿ ಸರಿಸಿ, ಕಟ್ಟೆ ಕಟ್ಟಿ ನಿಲ್ಲಿಸಬಹುದು. ಹೆಬ್ಬಾಳದ ಕಲ್ಲಿಗೆ ಅಲ್ಲೇ ಮಂಟಪ ಆಗಿದೆ. ಮಂಟಪಕ್ಕೆ ಹಣ ಹೊಂದಿಸುವುದಕ್ಕಿಂತ ಪಕ್ಕದ ಮನೆಯವರು ಅಲ್ಲಿ ಕಸ ಹಾಕದಂತೆ ಒಪ್ಪಿಸುವುದು ಕಷ್ಟ, ಅದು ನನ್ನ ಅನುಭವ. ರಸ್ತೆ ಬದಿಯ ಕಲ್ಲುಗಳಲ್ಲಿ ಹೆಚ್ಚಿನವು ಸರ್ಕಾರದ ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ಅವಕ್ಕೆ ಕಾವಲು ಅಂದರೆ ಬೀದಿಯವರೇ.

ಪ್ರಶ್ನೆ: ನಮ್ಮೂರ ವೀರಗಲ್ಲಿಗೆ ಎಣ್ಣೆ, ಬಣ್ಣ ಹಚ್ಚಿ ಪೂಜೆ ಮಾಡ್ತಾರೆ. ನಿಲ್ಲಿಸಬೇಕಾ?
– ಆನೇಕಲ್ಲಿನ ಓದುಗರು

ಉತ್ತರ: ಪೂಜೆ ನಿಲ್ಲಿಸಬೇಡಿ. ಎಷ್ಟೋ ಕಲ್ಲು ಉಳಿದಿರುವುದೇ ಪೂಜೆ ಇದ್ದದ್ದಕ್ಕೆ. ಎಣ್ಣೆಬಣ್ಣ ಮಾತ್ರ ಬೇಡ, ಅದು ಅಕ್ಷರದೊಳಗೆ ಇಳಿದು ಕೂತರೆ ತೆಗೆಯುವುದು ಬಹಳ ಕಷ್ಟ. ಅರಿಶಿನ ಕುಂಕುಮ ಚಿತ್ರದ ಮುಂದೆ ನೆಲದ ಮೇಲಿರಲಿ, ಎಣ್ಣೆ ದೀಪಕ್ಕಿರಲಿ. ಪೂಜಾರಿಯ ಹತ್ತಿರ ಇದನ್ನು ಹಬ್ಬದ ದಿನ ಎಲ್ಲರೆದುರು ಹೇಳಬೇಡಿ. ಹಿಂದಿನ ವಾರವೇ ಹೋಗಿ ಮೆಲ್ಲಗೆ ಹೇಳಿ.